ಹಸಿವಡಗಿಸುವ ಚುಚ್ಚುಮದ್ದು: ಶುರುವಿನಿಂದ ನಿಲ್ಲಿಸುವವರೆಗೆ

ತೂಕ ಇಳಿಸುವುದಕ್ಕಾಗಿ ವೈದ್ಯರ ಚೀಟಿಯ ಮೇಲೆ ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದನ್ನು 2025ರ ಬೇಸಿಗೆಯಲ್ಲಿ ಆರಂಭಿಸಿ, ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ನಿಲ್ಲಿಸಿದೆ. ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಈಗ ನಲವತ್ತೇಳು ವರ್ಷ. ಆರಂಭಿಸುವ ಮೊದಲು ಕನ್ನಡದಲ್ಲಿ ಮಾಹಿತಿ ಹುಡುಕಿದಾಗ ಅದನ್ನು ಪವಾಡ ಎನ್ನುವವರು ಸಿಕ್ಕರು, ವಿಷ ಎನ್ನುವವರೂ ಸಿಕ್ಕರು. ಯಾವ ಯಾವ ಪರೀಕ್ಷೆ ಮಾಡಿಸಬೇಕು, ತಿಂಗಳಿಗೆ ಎಷ್ಟು ಖರ್ಚು, ಕರೆಂಟ್ ಹೋದರೆ ಫ್ರಿಜ್‌ನಲ್ಲಿಟ್ಟ ಔಷಧದ ಗತಿಯೇನು, ನಿಲ್ಲಿಸಿದ ಮೇಲೆ ಏನಾಗುತ್ತದೆ ಎಂದು ಹೇಳುವವರು ಮಾತ್ರ ಸಿಗಲಿಲ್ಲ. ಅದಕ್ಕಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಇಲ್ಲಿ ಬರುವ ಪ್ರಮಾಣಗಳು ನನ್ನ ವೈದ್ಯರು ನನಗಾಗಿ ನಿಶ್ಚಯಿಸಿದವು ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ನನ್ನ ಎತ್ತರ 158 ಸೆಂಟಿಮೀಟರ್, ಆಗಿನ ತೂಕ 84 ಕಿಲೋ. ಎತ್ತರಕ್ಕೆ ತಕ್ಕ ತೂಕವೇ ಎಂದು ಅಳೆಯುವ ಬಿಎಂಐ ಲೆಕ್ಕದಲ್ಲಿ ಅದು 33ನ್ನು ದಾಟಿತ್ತು. ಭಾರತೀಯರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ನಮ್ಮಲ್ಲಿ ಬಿಎಂಐ 25ಕ್ಕೇ ಸ್ಥೂಲಕಾಯ ಎನ್ನುತ್ತಾರೆ. ಆದರೆ ಈ ಔಷಧವನ್ನು ಬರೆಯಲು ಅನುಮೋದಿತ ಮಿತಿ 30, ಅಥವಾ ರಕ್ತದೊತ್ತಡ, ಮಧುಮೇಹದಂಥ ಜೊತೆ ಕಾಯಿಲೆಯಿದ್ದರೆ 27. ನನಗೆ ರಕ್ತದೊತ್ತಡದ ಮಾತ್ರೆ ಆಗಲೇ ಶುರುವಾಗಿತ್ತು, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2ಕ್ಕೆ ಬಂದಿತ್ತು, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಕಂಡಿತ್ತು. ಬೆಳಗಿನ ನಡಿಗೆ, ರಾತ್ರಿ ಊಟ ಬಿಡುವುದು, ಸಿರಿಧಾನ್ಯ ಎಲ್ಲವೂ ಆಗಿ, ಇಳಿದ ತೂಕ ಒಂದೆರಡು ಹಬ್ಬಗಳಲ್ಲಿ ವಾಪಸ್ ಬಂದು ಕೂತಿತ್ತು.

ಮೊದಲು ನಾನು ಹೋದದ್ದು ಬೆಂಗಳೂರಿನ ಒಂದು ತೂಕ ಇಳಿಸುವ ಕ್ಲಿನಿಕ್‌ಗೆ. ಅಲ್ಲಿ ತೂಕ ನೋಡಿದ ಹುಡುಗಿ, ವೈದ್ಯರು ಬರುವ ಮೊದಲೇ ಮೂರು ತಿಂಗಳ ಪ್ಯಾಕೇಜಿನ ದರಪಟ್ಟಿಯನ್ನು ಕೈಗಿತ್ತಳು. ರಕ್ತಪರೀಕ್ಷೆಯ ಮಾತಿಲ್ಲ, ಮನೆಯವರ ಕಾಯಿಲೆಗಳ ವಿಚಾರಣೆಯಿಲ್ಲ, ಮುಂಗಡ ಮಾತ್ರ ಆ ದಿನವೇ ಕಟ್ಟಬೇಕಿತ್ತು. ನಾನು ಎದ್ದು ಬಂದೆ. ಇದು ಷೆಡ್ಯೂಲ್ ಎಚ್ ಪಟ್ಟಿಯ ಔಷಧವೆಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಷ್ಟೇ ಅರ್ಥವಲ್ಲ, ನಿಮ್ಮನ್ನು ಪರೀಕ್ಷಿಸಿ ನೋಡಿದ ಒಬ್ಬ ವೈದ್ಯರು ನಿಮ್ಮ ಬಗ್ಗೆ ಹೊಣೆ ಹೊತ್ತಿರಬೇಕು ಎಂದೂ ಅರ್ಥ. ಪರಿಚಿತ ಫಿಸಿಷಿಯನ್ ಒಬ್ಬರ ಪತ್ರ ಹಿಡಿದು ನಂತರ ಕಂಡ ಎಂಡೋಕ್ರೈನಾಲಜಿಸ್ಟ್, ಎಂದರೆ ಹಾರ್ಮೋನು ತಜ್ಞರು, ಮೊದಲ ಭೇಟಿಯಲ್ಲಿ ಔಷಧದ ಹೆಸರನ್ನೇ ಎತ್ತಲಿಲ್ಲ. ಪರೀಕ್ಷೆಗಳ ಪಟ್ಟಿ ಬರೆದುಕೊಟ್ಟು, ನನ್ನ ಅಪ್ಪ ಅಮ್ಮನ ಕಡೆಯವರ ಕಾಯಿಲೆಗಳನ್ನು ಒಂದೊಂದಾಗಿ ಕೇಳಿದರು.

ಅನಿರೀಕ್ಷಿತ ತೊಡಕು ಎದುರಾದದ್ದು ಅಲ್ಲಿಯೇ. ನನ್ನ ಸೋದರತ್ತೆಗೆ ತೊಂಬತ್ತರ ದಶಕದಲ್ಲಿ ಥೈರಾಯ್ಡ್ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ ನಡೆದಿತ್ತೆಂದು ಮಾತಿನ ನಡುವೆ ಹೇಳಿದೆ. ವೈದ್ಯರು ಪೆನ್ನು ಕೆಳಗಿಟ್ಟರು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ಬಗೆಯ ಔಷಧಗಳಿಂದ ಥೈರಾಯ್ಡ್‌ನ ಸಿ-ಕೋಶಗಳಲ್ಲಿ ಗೆಡ್ಡೆಗಳು ಕಂಡಿರುವುದರಿಂದ, ಮೆಡ್ಯುಲರಿ ಎಂಬ ಜಾತಿಯ ಥೈರಾಯ್ಡ್ ಕ್ಯಾನ್ಸರ್ ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಇದ್ದವರಿಗೆ ಇದನ್ನು ಕೊಡುವಂತಿಲ್ಲ. ಮನುಷ್ಯರಲ್ಲಿ ಹಾಗಾಗುತ್ತದೆಂದು ಸಾಬೀತಾಗಿಲ್ಲವಾದರೂ ಎಚ್ಚರಿಕೆ ಎಚ್ಚರಿಕೆಯೇ. ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಹೆಚ್ಚಿನವು ಪ್ಯಾಪಿಲರಿ ಎಂಬ ಬೇರೆ ಜಾತಿಯವು, ಅವುಗಳಿಗೆ ಈ ನಿಷೇಧವಿಲ್ಲ, ಆದರೆ ನಿಮ್ಮ ಅತ್ತೆಯದು ಯಾವುದೆಂದು ಕಾಗದ ನೋಡದೆ ನಾನು ಬರೆಯುವುದಿಲ್ಲ ಎಂದರು.

ಅತ್ತೆ ತೀರಿಹೋಗಿ ಬಹಳ ಕಾಲವಾಗಿದೆ. ಶಸ್ತ್ರಚಿಕಿತ್ಸೆ ನಡೆದ ನರ್ಸಿಂಗ್ ಹೋಮ್ ಮುಚ್ಚಿ ಆ ಜಾಗದಲ್ಲಿ ಬಟ್ಟೆ ಅಂಗಡಿ ಬಂದಿದೆ. ಕೆಲವು ವಾರಗಳು ಫೋನಿನಲ್ಲೇ ಕಳೆದವು. ಕೊನೆಗೆ ತೀರ್ಥಹಳ್ಳಿಯಲ್ಲಿರುವ ಅತ್ತೆಯ ಮಗ, ತಾಯಿಯ ಟ್ರಂಕನ್ನು ಇನ್ನೂ ಅಟ್ಟದ ಮೇಲಿಟ್ಟಿದ್ದೇನೆ, ಬಂದು ನೋಡು ಎಂದ. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಧಾರೆ ಸೀರೆಯ ಕೆಳಗೆ, ಹಳೆಯ ರೇಷನ್ ಕಾರ್ಡು, ಪಹಣಿ, ಎಲ್‌ಐಸಿ ರಸೀದಿಗಳ ಜೊತೆಗೆ ಒಂದು ಪ್ಲಾಸ್ಟಿಕ್ ಕವರಿತ್ತು. ಅದರೊಳಗೆ ನಾಲ್ಕು ಮಡಿಕೆಯ ಬಯಾಪ್ಸಿ ವರದಿ, ಮಡಿಕೆಯ ಗೆರೆಗಳಲ್ಲಿ ಹರಿದು, ಟೈಪ್‌ರೈಟರಿನ ಅಕ್ಷರಗಳು ಕಂದಿದ್ದರೂ ಓದುವಂತಿತ್ತು: ಪ್ಯಾಪಿಲರಿ ಕಾರ್ಸಿನೋಮ. ಸತ್ತವರ ಕಾಗದವನ್ನು ಬದುಕಿರುವವರ ಲಾಭಕ್ಕೆ ಕೆದಕುತ್ತಿದ್ದೇನೆಂಬ ಮುಜುಗರ ಒಂದು ಕಡೆ, ನೆಮ್ಮದಿ ಇನ್ನೊಂದು ಕಡೆ. ಈ ದಾರಿಗೆ ಬರಬೇಕೆಂದಿರುವವರು ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಆಪರೇಷನ್ ಆಗಿದೆಯೇ, ಅದು ಗಂಟೋ ಕ್ಯಾನ್ಸರೋ, ಕ್ಯಾನ್ಸರಾದರೆ ಯಾವುದು ಎಂಬುದನ್ನು ಈಗಲೇ ವಿಚಾರಿಸಿ ಕಾಗದವನ್ನು ಹುಡುಕಿಟ್ಟುಕೊಳ್ಳಿ. ಉಳಿದ ಪರೀಕ್ಷೆಗಳೆಲ್ಲ ಒಂದೆರಡು ದಿನದಲ್ಲಿ ಮುಗಿಯುತ್ತವೆ, ಇದೊಂದು ಮುಗಿಯುವುದಿಲ್ಲ.

ಉಳಿದ ಪರೀಕ್ಷೆಗಳೆಂದರೆ ಸಕ್ಕರೆ, ಕೊಲೆಸ್ಟ್ರಾಲ್, ಯಕೃತ್ತು, ಮೂತ್ರಪಿಂಡ, ಥೈರಾಯ್ಡ್, ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್. ವೇಗವಾಗಿ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆಯಿರುವುದರಿಂದ ಮೊದಲೇ ಕಲ್ಲಿದೆಯೇ ಎಂದು ನೋಡುತ್ತಾರೆ. ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದರೆ ಅದನ್ನು ಮುಚ್ಚಿಡಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದಾದ್ದರಿಂದ ಆ ಔಷಧಗಳ ಪ್ರಮಾಣವನ್ನೂ ವೈದ್ಯರು ಬದಲಿಸಬೇಕಾಗುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವ ಮಹಿಳೆಯರಿಗೆ ಯಾರೂ ತಾವಾಗಿ ಹೇಳದ ಒಂದು ಸಂಗತಿಯಿದೆ: ಟಿರ್ಜೆಪಟೈಡ್ ಆರಂಭಿಸಿದಾಗಲೂ ಪ್ರಮಾಣ ಏರಿಸಿದಾಗಲೂ ಮುಂದಿನ ನಾಲ್ಕು ವಾರ ಆ ಮಾತ್ರೆಯ ಮೇಲಷ್ಟೇ ಭರವಸೆ ಇಡುವಂತಿಲ್ಲ, ಬೇರೆ ಉಪಾಯವೂ ಬೇಕು. ಗರ್ಭ ಧರಿಸುವ ಯೋಚನೆಯಿದ್ದರೆ ಇದು ಬೇಡವೇ ಬೇಡ.

ವರದಿಗಳೆಲ್ಲ ಸೇರಿದ ದಿನ ವೈದ್ಯರು ಔಷಧದ ಕೆಲಸವನ್ನು ವಿವರಿಸಿದರು. ಉಂಡ ಮೇಲೆ ಕರುಳು ಜಿಎಲ್‌ಪಿ-1 ಮತ್ತು ಜಿಐಪಿ ಎಂಬ ಹಾರ್ಮೋನುಗಳನ್ನು ಬಿಡುತ್ತದೆ; ಟಿರ್ಜೆಪಟೈಡ್ ಅವೆರಡರ ಕೆಲಸವನ್ನೂ ಮಾಡುತ್ತ ಮಿದುಳಿಗೆ ಹೊಟ್ಟೆ ತುಂಬಿದೆಯೆಂಬ ಸುದ್ದಿ ಮುಟ್ಟಿಸುತ್ತದೆ, ಜಠರದಿಂದ ಆಹಾರ ಮುಂದೆ ಹೋಗುವುದನ್ನು ನಿಧಾನಿಸುತ್ತದೆ. ಹಿಂದಿನ ಕಾಲದ ಹಸಿವಡಗಿಸುವ ಮಾತ್ರೆಗಳ ದಾರಿ ಬೇರೆಯಿತ್ತು. ಅವುಗಳಲ್ಲಿ ಸಿಬುಟ್ರಮೈನ್ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದಾಗಿ 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧಗೊಂಡಿತು. ಗಿಡಮೂಲಿಕೆಯೆಂದು ಮಾರುವ ತೂಕ ಇಳಿಕೆಯ ಪುಡಿ, ಕ್ಯಾಪ್ಸೂಲುಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ನಮ್ಮ ಸ್ಟಾಫ್ ರೂಮಿನಲ್ಲೂ ಇಂಥ ಒಂದು ಡಬ್ಬ ಕೈಯಿಂದ ಕೈಗೆ ಓಡಾಡುತ್ತಿತ್ತು. ಅದರ ಮೇಲೆ ತಯಾರಕರ ವಿಳಾಸವೇ ಇರಲಿಲ್ಲ. ಚುಚ್ಚುಮದ್ದೆಂದರೆ ಹೆದರುವ ಜನ ಅಂಥದ್ದನ್ನು ಯಾವ ಧೈರ್ಯದಿಂದ ನುಂಗುತ್ತಾರೋ!

ಇನ್ನು ಹಣದ ವಿಚಾರ. ಮೌಂಜಾರೋ ಹೆಸರಿನಲ್ಲಿ ಟಿರ್ಜೆಪಟೈಡ್ ಭಾರತದ ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚ್‌ನಲ್ಲಿ, ಒಂದು ಸಲಕ್ಕೊಂದರಂತೆ ಪುಟ್ಟ ಸೀಸೆಗಳಲ್ಲಿ. ಆಗ ಎರಡೂವರೆ ಮಿಲಿಗ್ರಾಂನ ಸೀಸೆಗೆ 3,500 ರೂಪಾಯಿ, ಐದರದಕ್ಕೆ 4,375 ಇತ್ತು. ವಾರಕ್ಕೊಂದು ಎಂದರೆ ತಿಂಗಳಿಗೆ ಹದಿನಾಲ್ಕು ಸಾವಿರದಿಂದ ಹದಿನೇಳೂವರೆ ಸಾವಿರ. ಆರೋಗ್ಯ ವಿಮೆಯಲ್ಲಿ ಸಿಗಬಹುದೇ ಎಂದು ವಿಚಾರಿಸಿದರೆ, ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಬಿಎಂಐ 40, ಅಥವಾ ಗಂಭೀರ ಜೊತೆ ಕಾಯಿಲೆಯಿದ್ದು 35 ಆಗಿದ್ದರೆ ದಾರಿಯಿದೆ, ಹೊರರೋಗಿಯಾಗಿ ಕೊಳ್ಳುವ ಈ ಔಷಧಕ್ಕಿಲ್ಲ ಎಂಬ ಉತ್ತರ ಬಂತು. ಮಗಳ ಕಾಲೇಜು ಫೀಸಿನ ವರ್ಷ ಅದು. ನಾನೂ ನನ್ನ ಯಜಮಾನರೂ ಕುಳಿತು ಲೆಕ್ಕ ಹಾಕಿ, ಡಿಸೆಂಬರ್‌ವರೆಗೆ ಮಾತ್ರ ನಮ್ಮ ಕೈಯಲ್ಲಾಗುತ್ತದೆ ಎಂದು ಗೆರೆ ಎಳೆದೆವು. ಅದನ್ನು ಹೇಳಿದಾಗ ವೈದ್ಯರು ಮುಚ್ಚುಮರೆಯಿಲ್ಲದೆ ಮಾತನಾಡಿದರು. ಸ್ಥೂಲಕಾಯ ದೀರ್ಘಕಾಲದ ಕಾಯಿಲೆ, ಔಷಧ ಬಿಟ್ಟರೆ ಹಸಿವು ಮರಳುತ್ತದೆ. ಇದೇ ಗುಂಪಿನ ಸೆಮಾಗ್ಲುಟೈಡ್‌ನ ಅಧ್ಯಯನದಲ್ಲಿ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ಮರಳಿತ್ತು. ನಿಲ್ಲಿಸುವ ದಿನ ಗೊತ್ತಿದ್ದರೆ ಆ ದಿನಕ್ಕೆ ಇಂದಿನಿಂದಲೇ ಸಿದ್ಧರಾಗಿ ಎಂದರು. ಆಮೇಲಿನ ತಿಂಗಳುಗಳಲ್ಲಿ ನಾನು ಮಾಡಿದ್ದೆಲ್ಲವೂ ಆ ಮಾತಿನ ಸುತ್ತಲೇ ನಡೆಯಿತು.

ಔಷಧ ತರಿಸುವುದು ಇನ್ನೊಂದು ಪರ್ವ. ಆಗ ಶಿವಮೊಗ್ಗದಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ದಾಸ್ತಾನಿರಲಿಲ್ಲ, ಬೆಂಗಳೂರಿನಿಂದ ತರಿಸಬೇಕಿತ್ತು. ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಮೊದಲ ಪೊಟ್ಟಣ ಮೇ ತಿಂಗಳ ಸೆಕೆಯಲ್ಲಿ ಬಂದಾಗ ಒಳಗಿನ ಐಸ್ ಪ್ಯಾಕ್ ಪೂರಾ ಕರಗಿ ಉಗುರುಬೆಚ್ಚಗಾಗಿತ್ತು. ಪೊಟ್ಟಣ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಂಡಿದ್ದರಿಂದ, ಆ ಔಷಧದಂಗಡಿ ಹಲವು ಬಾರಿ ಫೋನ್ ಮಾಡಿಸಿಕೊಂಡು ಕೊನೆಗೆ ಬದಲಿ ಕಳಿಸಿತು. ನಂತರ ಬೆಂಗಳೂರಿಗೆ ಹೋದಾಗ ನಾನೇ ಕೊಂಡು, ಐಸ್ ಪ್ಯಾಕಿಗೆ ನೇರವಾಗಿ ತಾಗದಂತೆ ಟವೆಲ್ ಸುತ್ತಿ, ಇನ್ಸುಲಿನ್ ಚೀಲದಲ್ಲಿಟ್ಟು ರೈಲಿನಲ್ಲಿ ತರತೊಡಗಿದೆ. ಸೀಸೆಯನ್ನು 30 ಡಿಗ್ರಿ ಮೀರದ ಜಾಗದಲ್ಲಿ 21 ದಿನದವರೆಗೆ ಹೊರಗಿಡಬಹುದಾದ್ದರಿಂದ ಎರಡು ಗಂಟೆ ಕರೆಂಟ್ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಫ್ರಿಜ್‌ನ ಬಾಗಿಲು ತೆರೆಯದಿದ್ದರೆ ಸಾಕು. ಬಿಲ್ ಇಲ್ಲದೆ, ಬ್ಯಾಚ್ ನಂಬರ್ ಇಲ್ಲದೆ, ವಾಟ್ಸಾಪ್‌ನಲ್ಲಿ ಅಗ್ಗಕ್ಕೆ ಕೊಡುತ್ತೇವೆನ್ನುವವರ ಹತ್ತಿರ ಕೊಳ್ಳಬೇಡಿ. ಸೆಮಾಗ್ಲುಟೈಡ್ ಚುಚ್ಚಿಕೊಳ್ಳುವ ನಕಲಿ ಪೆನ್ನುಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ 2024ರಲ್ಲಿ ಎಚ್ಚರಿಕೆ ಹೊರಡಿಸಿತ್ತು.

ಮೊದಲ ಸೂಜಿಯನ್ನು ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಬಳಿ ಹಾಕಿಕೊಂಡೆ. ಸೀಸೆಯ ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಸಿರಿಂಜಿನಲ್ಲಿ ಅರ್ಧ ಮಿಲಿಲೀಟರ್ ಗಾಳಿ ಎಳೆದು ಸೀಸೆಯೊಳಕ್ಕೆ ತಳ್ಳಿ, ಸೀಸೆಯನ್ನು ತಲೆಕೆಳಗು ಮಾಡಿ ನಿಧಾನವಾಗಿ ಔಷಧವನ್ನು ಎಳೆಯಬೇಕು. ಒಂದು ಗುಳ್ಳೆ ಪಿಸ್ಟನ್ನಿನ ಅಂಚಿಗೆ ಅಂಟಿಕೊಂಡು ಬಿಡಲೊಲ್ಲದು. ಬೆರಳಿನಿಂದ ತಟ್ಟಿ ತಟ್ಟಿ ಅದನ್ನು ಮೇಲಕ್ಕೆ ಹತ್ತಿಸುವಾಗ ಕೈ ನಡುಗುತ್ತಿತ್ತು. ಹೊಕ್ಕುಳಿಂದ ಎರಡು ಇಂಚು ಆಚೆ ಚರ್ಮವನ್ನು ಹಿಡಿದು ಚುಚ್ಚಿದಾಗ ನೋವಿಗಿಂತ ಹೆದರಿಕೆಯೇ ದೊಡ್ಡದಾಗಿತ್ತು ಎನ್ನಬೇಕು. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಕೂಡಿಸಿ ಲ್ಯಾಬಿನವರಿಗೆ ಒಪ್ಪಿಸುತ್ತಿದ್ದೆ. ಕಸದ ಗಾಡಿಗೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಮೂರನೆಯ ದಿನದ ಹೊತ್ತಿಗೆ ಬದಲಾವಣೆ ತಿಳಿಯಿತು. ಬೆಳಿಗ್ಗೆ ತಿಂಡಿ ತಿನ್ನುವಾಗಲೇ ಮಧ್ಯಾಹ್ನದ ಊಟದ ಯೋಚನೆ, ಪಾಠದ ನಡುವೆ ಡಬ್ಬಿಯ ಯೋಚನೆ, ರಾತ್ರಿ ಮಲಗುವಾಗ ಡಬ್ಬದಲ್ಲಿರುವ ಕೋಡುಬಳೆಯ ಯೋಚನೆ ಎಂದು ನನ್ನ ತಲೆಯೊಳಗೆ ಸದಾ ನಡೆಯುತ್ತಿದ್ದ ಗದ್ದಲ, ಓಡುತ್ತಿದ್ದ ಮಿಕ್ಸಿ ಕರೆಂಟ್ ಹೋಗಿ ಥಟ್ಟನೆ ನಿಂತಂತೆ ನಿಂತುಬಿಟ್ಟಿತು. ಬೇರೆಯವರ ತಲೆ ಹುಟ್ಟಿನಿಂದಲೇ ಹೀಗಿತ್ತೇ ಎಂದು ಬೆರಗಾಯಿತು, ಇಷ್ಟು ವರ್ಷ ನಾಲಿಗೆಚಪಲ ಬಿಗಿಹಿಡಿಯದವಳು ಎನ್ನಿಸಿಕೊಂಡದ್ದು ನೆನಪಾಗಿ ಸಿಟ್ಟೂ ಬಂತು. ಅದರ ಜೊತೆಗೆ ಒಂದು ಬಗೆಯ ಬೇಸರವೂ ಇತ್ತು. ಸಂಜೆ ನಾಲ್ಕರ ಕಾಫಿಗಾಗಿ ಕಾಯುವ ಸುಖವೇ ಹೊರಟುಹೋಗಿತ್ತು. ಮಳೆ ಹಿಡಿದ ದಿನ ಕಡುಬು, ಕಾಯಿಚಟ್ನಿ ಎದುರಿಗಿದ್ದರೂ ಒಂದರ ಮೇಲೆ ಇನ್ನೊಂದು ಬೇಡವಾಗುತ್ತಿತ್ತು.

ಐದು ಮಿಲಿಗ್ರಾಂಗೆ ಏರಿದಾಗ ವಾಕರಿಕೆ ಬಂತು. ಸೂಜಿಯ ಮರುದಿನ ಮತ್ತು ಅದರಾಚೆಯ ದಿನ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು, ಹುಳಿತೇಗು ಬರುತ್ತಿತ್ತು. ಭಾನುವಾರದ ಸೂಜಿಯನ್ನು ವೈದ್ಯರ ಒಪ್ಪಿಗೆ ಪಡೆದು ಶುಕ್ರವಾರ ಸಂಜೆಗೆ ಬದಲಿಸಿಕೊಂಡೆ. ಕಷ್ಟದ ದಿನಗಳು ರಜೆಯಲ್ಲಿ ಕಳೆಯುತ್ತಿದ್ದವು. ಕರಿದದ್ದನ್ನು ಬಿಟ್ಟು, ಸ್ವಲ್ಪಸ್ವಲ್ಪವಾಗಿ ಉಂಡು, ಉಂಡ ಕೂಡಲೇ ಮಲಗದಿದ್ದರೆ ತಡೆಯಬಹುದು. ಮಲಬದ್ಧತೆ ಮಾತ್ರ ಕೊನೆಯವರೆಗೂ ಬಿಡಲಿಲ್ಲ. ನೀರು ಕುಡಿಯಬೇಕೆನ್ನುವುದೂ ಮರೆಯುವಷ್ಟು ಬಾಯಾರಿಕೆ ಕಡಿಮೆಯಾಗುವುದರಿಂದ, ಬಾಟಲಿ ಎದುರಿಗಿಟ್ಟುಕೊಂಡು ಕುಡಿಯಬೇಕಾಯಿತು, ಇಸಬ್‌ಗೋಲ್ ಜೊತೆಗಾಯಿತು. ಬೆನ್ನಿಗೆ ಹರಿಯುವ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ ಬಂದರೆ ಮಾತ್ರ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕೆಂದು ವೈದ್ಯರು ಬರೆದೇ ಕೊಟ್ಟಿದ್ದರು. ಯಾವುದೇ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ಮೊದಲೂ ಈ ಔಷಧದ ಹೆಸರು ಹೇಳಲೇಬೇಕು. ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿರಬಹುದು.

ಹಸಿವಿಲ್ಲದವರು ಊಟವನ್ನು ಬಿಡುವುದು ಸುಲಭ, ಅಪಾಯವಿರುವುದು ಅಲ್ಲಿ. ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಮೊದಲ ತಿಂಗಳು ನಾನು ಎರಡು ತುತ್ತು ಮೊಸರನ್ನದಲ್ಲಿ ದಿನ ಕಳೆದದ್ದನ್ನು ಕೇಳಿ ಆಹಾರತಜ್ಞೆ ತಟ್ಟೆಯ ಕ್ರಮವನ್ನೇ ತಿರುಗಿಸಿದರು: ಮೊದಲು ಮೊಟ್ಟೆ, ಮೀನು ಅಥವಾ ಹೆಸರುಕಾಳಿನ ಉಸಲಿ, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಅನ್ನವನ್ನು ಕೊನೆಗಿಡುವುದು ಮಲೆನಾಡಿನವರಿಗೆ ಸುಲಭದ ಮಾತಲ್ಲ. ಅದರ ಜೊತೆಗೆ ವಾರದಲ್ಲಿ ಕೆಲವು ದಿನ ಡಂಬ್‌ಬೆಲ್ ಎತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಶುರುವಾಯಿತು. ಹಾಗಿದ್ದರೂ ಸೆಪ್ಟೆಂಬರ್ ಹೊತ್ತಿಗೆ ತಲೆ ಬಾಚಿದರೆ ಕೂದಲು ಉಂಡೆಯಾಗಿ ಬರತೊಡಗಿತು. ತೂಕ ವೇಗವಾಗಿ ಇಳಿದಾಗ ಹೀಗಾಗುತ್ತದೆ, ತಾನಾಗಿ ನಿಲ್ಲುತ್ತದೆ ಎಂದರು. ಡಿಸೆಂಬರ್ ಹೊತ್ತಿಗೆ ನಿಂತಿತು.

ಜನರ ಬಾಯಿಗೆ ಮದ್ದಿಲ್ಲ. ಹೊಸನಗರದ ಕಡೆಯ ಒಂದು ಮದುವೆಯಲ್ಲಿ ಬಾಳೆಲೆಯ ಮೇಲೆ ಹೋಳಿಗೆ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದರೆ, ಎದುರು ಪಂಕ್ತಿಯಲ್ಲಿದ್ದ ಚಿಕ್ಕಮ್ಮ, ಶುಗರ್ ಬಂತಾ, ಮುಖ ಸೊರಗಿದೆ ಎಂದು ಗಟ್ಟಿಯಾಗಿ ಕೇಳಿದರು. ಔಷಧದ ವಿಷಯವನ್ನು ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಕಷ್ಟಪಡದೆ ಇಳಿಸಿಕೊಂಡಳು ಎನ್ನುತ್ತಾರೆ, ಹೇಳದಿದ್ದರೆ ಕಾಯಿಲೆ ಎನ್ನುತ್ತಾರೆ. ಈಗ ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.

ಆಗಸ್ಟ್‌ನಲ್ಲಿ ನಾಲ್ಕು ವಾರಕ್ಕಾಗುವ ಪೆನ್ನು ಬಂದ ಮೇಲೆ ಸೀಸೆ, ಸಿರಿಂಜಿನ ರಗಳೆ ತಪ್ಪಿತು. ಪ್ರತಿ ಸಲ ಹೊಸ ಸೂಜಿ ಸಿಕ್ಕಿಸಿ, ಒಂದೆರಡು ಹನಿ ಹೊರಬಿಟ್ಟು ನೋಡಿ ಚುಚ್ಚಿಕೊಳ್ಳಬೇಕು, ಬಳಸಲು ತೊಡಗಿದ ಪೆನ್ನನ್ನು 30 ದಿನದೊಳಗೆ ಮುಗಿಸಬೇಕು. ತೂಕ ನಿಂತಲ್ಲೇ ನಿಂತದ್ದರಿಂದ ಆ ಮಳೆಗಾಲದ ಕೊನೆಗೆ ಏಳೂವರೆ ಮಿಲಿಗ್ರಾಂಗೆ ಏರಿಸಿದರು. ಅದರ ಪೆನ್ನಿನ ಬೆಲೆ ಆಗ ಇಪ್ಪತ್ತೆರಡು ಸಾವಿರ ಇತ್ತು. ಸೆಪ್ಟೆಂಬರ್ 22ರಿಂದ ಔಷಧಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಾಗ ಅಷ್ಟಿಷ್ಟು ಉಳಿಯಿತು. ಆದರೂ ಪರೀಕ್ಷೆ, ವೈದ್ಯರ ಫೀಸು, ಓಡಾಟ ಸೇರಿ ಖರ್ಚು ಒಂದೂವರೆ ಲಕ್ಷವನ್ನು ಚೆನ್ನಾಗಿಯೇ ದಾಟಿತು. ತೂಕ 84ರಿಂದ 73ಕ್ಕೆ ಬಂತು, ಎಚ್‌ಬಿಎ1ಸಿ 5.6ಕ್ಕೆ ಇಳಿಯಿತು, ರಕ್ತದೊತ್ತಡದ ಎರಡು ಮಾತ್ರೆಗಳಲ್ಲಿ ಒಂದನ್ನು ಬಿಡಿಸಿದರು. ಮೂರನೆಯ ಮಹಡಿಯ ತರಗತಿಗೆ ಹತ್ತಿ ಹೋಗಿ ಏದುಸಿರು ಬಿಡದೆ ಹಾಜರಿ ಕರೆಯಬಲ್ಲೆ.

ಡಿಸೆಂಬರ್‌ನಲ್ಲಿ ಮತ್ತೆ ಐದಕ್ಕೆ ಇಳಿಸಿ, ಆ ಪೆನ್ನು ಮುಗಿದ ಮೇಲೆ ನಿಲ್ಲಿಸಿದೆವು. ಔಷಧ ದೇಹದಿಂದ ಪೂರ್ತಿ ಹೋಗಲು ಮೂರ್ನಾಲ್ಕು ವಾರ ಬೇಕಾಗುವುದರಿಂದ ಮೊದಲ ದಿನಗಳಲ್ಲಿ ಏನೂ ಗೊತ್ತಾಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಪಾಠ ಮಾಡುತ್ತಿದ್ದಾಗ ಡಬ್ಬಿಯಲ್ಲಿ ಏನಿದೆಯೆಂಬ ಯೋಚನೆ ಬಂತು. ಆ ದಿನದಿಂದ ಹಸಿವು ದಿನಕ್ಕಿಷ್ಟು ಬೆಳೆಯುತ್ತಿದೆ. ಹೆದರಿಕೆಯಾಗುವುದು ಸುಳ್ಳಲ್ಲ. ಮೊದಲು ಕಾಳು, ಕೊನೆಗೆ ಅನ್ನ ಎಂಬ ಕ್ರಮ, ಡಂಬ್‌ಬೆಲ್, ಶನಿವಾರ ಬೆಳಗಿನ ತೂಕದ ಪುಸ್ತಕ ಈಗ ನನ್ನ ಕೈಯಲ್ಲಿವೆ. ಹಸಿವಿಲ್ಲದ ತಿಂಗಳುಗಳಲ್ಲಿ ರೂಢಿಯಾಗದಿದ್ದರೆ ಇವನ್ನು ಈಗ ಕಲಿಯುವುದು ಆಗದ ಮಾತಾಗಿತ್ತು. ಇದನ್ನು ಬರೆಯುತ್ತಿರುವ 2026ರ ಫೆಬ್ರುವರಿಯ ಈ ವಾರ ತೂಕ 74.5 ಇದೆ.

ವೈದ್ಯರು ಹಾಕಿಕೊಟ್ಟ ಗೆರೆ 77. ಅದನ್ನು ದಾಟಿದರೆ ಮುಂದಿನ ಭೇಟಿಗಾಗಿ ಕಾಯದೆ ಬರಬೇಕು, ಆಗ ಮತ್ತೆ ಔಷಧದ ಮಾತು. ಸೆಮಾಗ್ಲುಟೈಡ್ ಇರುವ ವೆಗೋವಿಯ ಬೆಲೆಯನ್ನು 2025ರ ನವೆಂಬರ್‌ನಲ್ಲಿ ಇಳಿಸಿದರು, ಆ ಔಷಧದ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚ್‌ವರೆಗೆ. ಬೇರೆ ಕಂಪನಿಗಳ ಅಗ್ಗದ ಔಷಧ ಬಂದರೆ ನಮ್ಮ ಲೆಕ್ಕವೂ ಬದಲಾಗಬಹುದು. ಅದಕ್ಕಾಗಿ ಅತ್ತೆಯ ಬಯಾಪ್ಸಿ ವರದಿಯ ನಕಲು, ಅಲ್ಟ್ರಾಸೌಂಡ್, ಚೀಟಿಗಳು, ಬ್ಯಾಚ್ ನಂಬರ್ ಇರುವ ಬಿಲ್ಲುಗಳು, ಯಾವ ಪ್ರಮಾಣಕ್ಕೆ ಏನಾಯಿತೆಂಬ ಟಿಪ್ಪಣಿ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟಿದ್ದೇನೆ. ಮುಂದಿನ ರಕ್ತಪರೀಕ್ಷೆ ಏಪ್ರಿಲ್‌ನಲ್ಲಿ.